ಬಿಟ್ಟ ಮೇಲಿನ ಸಂಜೆಗಳು

ಜೂನ್ ೩

ಪಾಪು,

ಮೀಸೆ ಬಂದವನನ್ನು ಹೀಗೆ ಕರೆಯಬೇಡ ಎಂದು ನೀನು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ಗೊಣಗಿಕೋ. ಕ್ಷೇಮ ಸಮಾಚಾರವೆಲ್ಲ ಆಮೇಲೆ, ಮೊದಲು ವಿಷಯ ಕೇಳು. ನಿನ್ನ ಭಾವ ಕುಡಿಯುವುದನ್ನು ಬಿಡುತ್ತಾರಂತೆ. ಬರುವ ಭಾನುವಾರದಿಂದ. ಆಸ್ಪತ್ರೆ ಬೇಡವಂತೆ, ಮಾತ್ರೆ ಬೇಡವಂತೆ, ಯಾರ ಕಿವಿಗೂ ಬೀಳಬಾರದಂತೆ. ಬಾಗಿಲು ಹಾಕಿಕೊಂಡು ಎರಡು ದಿನ ಮಲಗಿದರೆ ನೆಗಡಿ ಬಿಟ್ಟ ಹಾಗೆ ಬಿಟ್ಟುಹೋಗುತ್ತದಂತೆ.

ಆದದ್ದು ಇಷ್ಟು. ಹೋದ ವಾರ ಯಾವುದೋ ದೊಡ್ಡ ಕಟ್ಟಡದ ತುದಿಯಲ್ಲಿ ಲಿಫ್ಟಿನ ಬ್ರೇಕ್ ಬಿಗಿ ಮಾಡುವಾಗ ಇವರ ಕೈ ನಡುಗಿ ಸ್ಪ್ಯಾನರು ಜಾರಿ ಕೆಳಕ್ಕೆ ಬಿತ್ತು. ಪುಣ್ಯಕ್ಕೆ ಯಾರ ತಲೆಯ ಮೇಲೂ ಬೀಳಲಿಲ್ಲ. ಸೂಪರ್‌ವೈಸರ್ ಮಾತ್ರ ನೋಡಿಬಿಟ್ಟ. ಈಗ ಇವರನ್ನು ಬಿಡಿಭಾಗಗಳ ಗೋದಾಮಿಗೆ ಹಾಕಿದ್ದಾರೆ. ಆಗಸ್ಟ್ ಮಧ್ಯದಲ್ಲಿ ಕಂಪನಿಯ ಡಾಕ್ಟರರ ತಪಾಸಣೆ. ಆಗ ಕೈ ನೆಟ್ಟಗಿದ್ದರೆ ಮತ್ತೆ ಲಿಫ್ಟಿನ ಕೆಲಸ, ಇಲ್ಲದಿದ್ದರೆ ಮನೆ. ಆ ಕೆಲಸ ಬಿಟ್ಟರೆ ಇವರಿಗೆ ಬೇರೇನೂ ಬರುವುದಿಲ್ಲ. ಗೋದಾಮಿನಲ್ಲಿ ನಟ್ಟು ಬೋಲ್ಟು ಜೋಡಿಸಿ ಬಂದು ಮುಖ ಸಣ್ಣಗೆ ಮಾಡಿಕೊಂಡು ಕೂರುತ್ತಾರೆ.

ನೀನು ಕುಡಿತ ಬಿಡಿಸುವ ವಾರ್ಡಿನ ನರ್ಸು. ಮನೆಯಲ್ಲಿ ನಾನು ಏನೇನು ಮಾಡಬೇಕು ಎಂದು ಬರೆ. ಆಸ್ಪತ್ರೆಗೆ ಸೇರಿಸು ಎಂದು ಮಾತ್ರ ಬರೆಯಬೇಡ, ಇವರು ಸುತರಾಂ ಒಪ್ಪುವುದಿಲ್ಲ. ಫೋನ್ ಮಾಡಬೇಡ. ನಮ್ಮದು ಒಂದೂವರೆ ಕೋಣೆಯ ಮನೆ, ಪಿಸುಗುಟ್ಟಿದರೂ ಇವರಿಗೆ ಕೇಳುತ್ತದೆ. ಹೊಲಿಗೆ ಅಂಗಡಿಯ ವಿಳಾಸಕ್ಕೆ ಬರೆ. ಅಲ್ಲಿ ನನ್ನ ಕಾಗದ ಒಡೆಯುವವರು ಯಾರೂ ಇಲ್ಲ.

ನಿನಗೆ ಹೇಳುವುದಕ್ಕೇನು, ಇವರು ಕುಡಿದು ಹೊಡೆದವರಲ್ಲ, ಬಡಿದವರಲ್ಲ. ಎರಡು ಗ್ಲಾಸು ಆದ ಮೇಲೆ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರ ಕಥೆ ಶುರುವಾಗುತ್ತದೆ. ನಾಯಿ ಹಿಡಿದ ಶ್ರೀಮಂತೆ, ಒಳಗಿನಿಂದಲೇ ವಕೀಲನನ್ನು ಕರೆಸಿ ಎಂದು ಕೂಗಿದ ಕಂಟ್ರಾಕ್ಟರು, ಎಲ್ಲರ ದನಿಯೂ ಇವರ ಗಂಟಲಿನಲ್ಲಿದೆ. ನಾನು ಗುಂಡಿ ಹೊಲಿಯುತ್ತ ಕೂತು ನಕ್ಕು ನಕ್ಕು ಸೂಜಿ ಚುಚ್ಚಿಸಿಕೊಳ್ಳುತ್ತೇನೆ. ಮೂರನೆಯ ಗ್ಲಾಸಿಗೆ ಕಥೆಯೂ ಮುಗಿಯಿತು, ಇವರೂ ಮುಗಿದರು. ಬೇಗ ಬರೆ.

ನಿನ್ನ ಅಕ್ಕ

*

ಜೂನ್ ೭

ಪ್ರೀತಿಯ ಅಕ್ಕ,

ಹೇಗಾದರೂ ಮಾಡಿ ಆ ಭಾನುವಾರವನ್ನು ಮುಂದಕ್ಕೆ ಹಾಕಿಸು. ಭಾವ ಬಿಡಬಾರದು ಎನ್ನುತ್ತಿಲ್ಲ, ಒಬ್ಬರೇ ಬಿಡಬಾರದು ಎನ್ನುತ್ತಿದ್ದೇನೆ. ಇಷ್ಟು ವರ್ಷ ದಿನಾ ಕುಡಿದ ಮೈ ಅದು. ಒಮ್ಮೆಲೇ ನಿಲ್ಲಿಸಿದರೆ ಮಿದುಳು ದಿಕ್ಕೆಡುತ್ತದೆ. ಮೊದಲು ನಡುಕ, ಬೆವರು, ವಾಂತಿ. ಆಮೇಲೆ ಫಿಟ್ಸ್ ಬರಬಹುದು. ಇನ್ನೂ ಮುಂದೆ ಹೋದರೆ ಇಲ್ಲದ್ದು ಕಾಣುತ್ತದೆ, ಜ್ವರ ಏರುತ್ತದೆ, ಜೀವಕ್ಕೇ ಕುತ್ತು. ನಮ್ಮಲ್ಲಿ ಇದಕ್ಕೆ ಮಾತ್ರೆ ಕೊಟ್ಟು, ದಿನದಿನಕ್ಕೆ ಅದನ್ನು ಇಳಿಸುತ್ತ ಬರುತ್ತೇವೆ. ಬಿ-ಒನ್ ವಿಟಮಿನ್ನಿನ ಚುಚ್ಚುಮದ್ದು ಕೊಟ್ಟ ಮೇಲೇ ಗ್ಲೂಕೋಸ್ ಹಾಕುತ್ತೇವೆ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಆದರೂ ಹೇಳಿರುತ್ತೇನೆ. ಕೋಣೆಯಲ್ಲಿ ದೀಪ ಆರಿಸಬೇಡ, ಗೋಡೆಯ ಮೇಲೆ ನೆರಳು ಆಡಬಾರದು. ಗದ್ದಲ ಇರಬಾರದು. ಹತ್ತಿರ ನೀನೊಬ್ಬಳೇ ಇರು, ಜನ ಬದಲಾದರೆ ಹೆದರುತ್ತಾರೆ. ನೀರು ಕುಡಿಸುತ್ತಿರು. ಫಿಟ್ಸ್ ಬಂದರೆ ಮಗ್ಗುಲಿಗೆ ಹೊರಳಿಸು, ಬಾಯಿಗೆ ಏನನ್ನೂ ತುರುಕಬೇಡ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗು. ಆಗ ಮಾನ ಮರ್ಯಾದೆ ನೋಡುತ್ತ ಕೂರಬೇಡ.

ನನ್ನ ಸುದ್ದಿ ಎಂದರೆ ನನ್ನನ್ನು ಆಪ್ತಸಮಾಲೋಚನೆಯ ತರಬೇತಿಗೆ ಹಾಕಿದ್ದಾರೆ. ನಮ್ಮ ವಾರ್ಡಿನಿಂದ ಆರಿಸಿದ್ದು ನನ್ನೊಬ್ಬನನ್ನೇ. ನನ್ನ ಪಾಲಿಗೆ ಬಂದ ರೋಗಿ ಚಿತ್ರಕಲೆ ಕಲಿಸುತ್ತಿದ್ದವರು, ಎಲ್ಲರೂ ಮೇಷ್ಟ್ರು ಎನ್ನುತ್ತೇವೆ. ಸೇರಿದಾಗ ಚಮಚ ಹಿಡಿಯಲು ಬರುತ್ತಿರಲಿಲ್ಲ, ಈಗ ಕಿಟಕಿಯ ಚಿತ್ರ ಬರೆಯುತ್ತಾರೆ. ನಾನು ಮಾಡಿದ್ದು ಕೇಳಿಸಿಕೊಂಡದ್ದಷ್ಟೇ. ಮಾತಿಗಿಂತ ಕೇಳುವುದೇ ದೊಡ್ಡ ಮದ್ದು ಅಕ್ಕ, ನಿನಗೂ ಕಲಿಸುತ್ತೇನೆ.

ತಮ್ಮ

*

ಜೂನ್ ೧೪

ಪಾಪು,

ನಿನ್ನ ಕಾಗದ ಬುಧವಾರ ಬಂತು, ಪಕ್ಕದ ಅಂಗಡಿಯವರು ತಂದುಕೊಟ್ಟರು. ಇವರು ಬಿಟ್ಟದ್ದು ಹೇಳಿದಂತೆ ಭಾನುವಾರವೇ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಓದಿದೆ, ಮಾಡಬಾರದೆಂದು ನೀನು ಬರೆದದ್ದನ್ನೆಲ್ಲ ಮಾಡಿ ಮುಗಿಸಿದ ಮೇಲೆ.

ಸೋಮವಾರ ಒಂದು ಸಲ ಮೈ ಸೆಟೆದುಕೊಂಡಿತು. ಸ್ವಲ್ಪ ಹೊತ್ತಿಗೆ ಸರಿಹೋಗಿ ಮಲಗಿದರು. ಮುಗಿಯಿತು, ಗೆದ್ದೆವು ಎಂದುಕೊಂಡೆ. ಕಣ್ಣಿಗೆ ಬೆಳಕು ಬೀಳದಿರಲಿ ಎಂದು ದೀಪ ಆರಿಸಿ ಪರದೆ ಎಳೆದೆ. ಮಂಗಳವಾರ ಎದ್ದವರೇ ಬಟ್ಟೆಯ ಬೀರುವಿನ ಬಾಗಿಲನ್ನು ಚಮಚದಿಂದ ಮೀಟತೊಡಗಿದರು. ಅದು ಇವರ ಕಣ್ಣಿಗೆ ಲಿಫ್ಟು. "ಒಳಗೆ ಮಗು ಅಳ್ತಿದೆ, ಕೇಳಿಸ್ತಿಲ್ವಾ?" ಎಂದರು. ಬೆವರಿನಲ್ಲಿ ಅಂಗಿ ಒದ್ದೆ. ನಾನೇನು ಮಾಡಿದೆ ಗೊತ್ತೇ? ಕೇಳಿಸುತ್ತಿದೆ ಎಂದೆ. ಮಗು ಸುಮ್ಮನಾಯಿತು, ಅದರ ತಾಯಿ ಬಂದಳು ಎಂದೆ. ಇವರು ಒಂದು ಗಳಿಗೆ ತಣ್ಣಗಾದರು, ನನಗೆ ಧೈರ್ಯ ಬಂತು, ಇನ್ನಷ್ಟು ಕಟ್ಟಿ ಹೇಳಿದೆ. ಎಷ್ಟನೇ ಮಹಡಿಯಲ್ಲಿ ನಿಂತಿದೆ ಎಂದು ಕೇಳಿದರು. ಎರಡನೆಯದು ಎಂದುಬಿಟ್ಟೆ. ಹಾಗಾದರೆ ಕೆಳಗಿನಿಂದ ಹೋಗಿ ತೆಗೆಯುತ್ತೇನೆ ಎಂದು ನಮ್ಮ ಮಹಡಿ ಮನೆಯ ಕಿಟಕಿಯ ಮೇಲೆ ಕಾಲಿಟ್ಟರು.

ಸೊಂಟ ಹಿಡಿದು ಕೂಗಿಕೊಂಡೆ. ಎದುರು ಮನೆಯ ಡ್ರೈವರ್ ಬಂದು ಎಳೆದುಹಾಕಿದ. ಅವನ ವ್ಯಾನಿನಲ್ಲೇ ಆಸ್ಪತ್ರೆಗೆ ಹೋದೆವು. ಯಾರ ಕಿವಿಗೆ ಬೀಳಬಾರದೆಂದಿದ್ದರೋ ಅವರೆಲ್ಲರ ಕಣ್ಣಿಗೇ ಬಿತ್ತು. ಅಲ್ಲಿನ ಹಿರಿಯ ನರ್ಸಮ್ಮ ಎಲ್ಲ ಕೇಳಿ, "ಅವರ ಕನಸಿನೊಳಗೆ ನೀವೂ ಹೋಗ್ಬೇಡಿ. ಒಬ್ಬರಾದ್ರೂ ಹೊರಗಿರಬೇಕು" ಎಂದರು. ಒಳಗೆ ಹೋದಾಗ ಎಷ್ಟು ಹಿತವಾಗಿತ್ತು ಎಂದು ಆಕೆಗೆ ಹೇಗೆ ಹೇಳುವುದು.

ಈಗ ಪರವಾಗಿಲ್ಲ. ಇವತ್ತು ನನ್ನನ್ನು ಗುರುತಿಸಿದರು. ಕೈಗೆ ಪಟ್ಟಿ ಕಟ್ಟಿದ್ದಾರೆ, ಸೂಜಿ ಕಿತ್ತುಕೊಳ್ಳದಿರಲಿ ಎಂದು. ಮುಂದೇನು ಎಂದು ಬರೆ. ಈ ಸಲ ಕಾಗದ ಸ್ವಲ್ಪ ಓಡಲಿ.

ಅಕ್ಕ

*

ಜೂನ್ ೧೮

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿ ಊಟ ಸೇರಲಿಲ್ಲ. ಆ ನರ್ಸಮ್ಮ ಹೇಳಿದ್ದು ಸರಿ. ಇಲ್ಲದ್ದನ್ನು ಕಂಡವರ ಜೊತೆ ವಾದವೂ ಬೇಡ, ಹೌದೂ ಬೇಡ. "ನನಗೆ ಕಾಣ್ತಿಲ್ಲ, ನಿಮಗೆ ಹೆದರಿಕೆ ಆಗ್ತಿದೆ ಅಂತ ಗೊತ್ತಾಗ್ತಿದೆ, ಇದು ಮನೆ, ನಾನು ನಿಮ್ಮ ಹೆಂಡತಿ, ಇವತ್ತು ಮಂಗಳವಾರ" ಎನ್ನಬೇಕು. ಅಷ್ಟೇ, ಎಷ್ಟು ಸಲ ಬೇಕಾದರೂ. ಹೋಗಲಿ, ದೊಡ್ಡ ಗಂಡಾಂತರ ಕಳೆಯಿತು.

ಒಂದು ಮಾತು ಚೆನ್ನಾಗಿ ತಲೆಯಲ್ಲಿಟ್ಟುಕೋ. ಭಾವ ಮತ್ತೆ ಶುರುಮಾಡಿ ಮತ್ತೆ ಬಿಟ್ಟರೆ, ಎರಡನೆಯ ಸಲ ಇದಕ್ಕಿಂತ ಜೋರಾಗಿ ಬರಬಹುದು. ಮೈ ಇದನ್ನು ನೆನಪಿಟ್ಟುಕೊಳ್ಳುತ್ತದೆ. ಆಗ ಕಿಟಕಿಯ ಹತ್ತಿರ ನೀನು ಇರುತ್ತೀಯೋ ಇಲ್ಲವೋ. ಕೆಲಸದ ಮಾತು ಹಾಗಿರಲಿ, ಜೀವದ ಪ್ರಶ್ನೆ ಇದು.

ಮನೆಗೆ ಬಂದ ಮೇಲಿನದೇ ಉದ್ದದ ದಾರಿ. ಉಪದೇಶ ಮಾಡಬೇಡ. "ಯಾಕೆ" ಎಂದು ಕೇಳಬೇಡ, ಅದು ಪೊಲೀಸರ ಪ್ರಶ್ನೆ. ಅವರು ಏನು ಹೇಳುತ್ತಾರೋ ಅದನ್ನೇ ನಿನ್ನ ಮಾತಿನಲ್ಲಿ ಅವರಿಗೆ ತಿರುಗಿ ಹೇಳು. ತನ್ನ ಮಾತು ಇನ್ನೊಬ್ಬರ ಬಾಯಿಂದ ಕೇಳಿದಾಗ ಮನಸ್ಸು ತಾನಾಗಿ ಬಿಚ್ಚಿಕೊಳ್ಳುತ್ತದೆ. ಮೇಷ್ಟ್ರ ಮೇಲೆ ಇದು ಎಷ್ಟು ಕೆಲಸ ಮಾಡಿದೆ ಎಂದರೆ, ಬರುವ ವಾರ ಅವರನ್ನು ಮನೆಗೆ ಕಳಿಸುತ್ತಿದ್ದೇವೆ. ಅವರ ಹೆಂಡತಿ ನನ್ನ ಕೈ ಹಿಡಿದು ಅತ್ತರು.

ತಮ್ಮ

*

ಜುಲೈ ೨

ಪಾಪು,

ಇವರು ಮನೆಗೆ ಬಂದಿದ್ದಾರೆ. ನಿನ್ನ ಮದ್ದು ಹಾಕಿದೆ. ಅದರ ವರದಿ ಕೇಳು.

"ಚಹಾ ತಣ್ಣಗಾಗಿದೆ" ಎಂದರು. "ಚಹಾ ತಣ್ಣಗಾಗಿದೆ ಅಂತ ನಿಮಗೆ ಅನ್ನಿಸ್ತಿದೆ" ಎಂದೆ. "ಅನ್ನಿಸೋದೇನು ಬಂತು, ಮುಟ್ಟಿ ನೋಡು" ಎಂದರು. "ನಿಮಗೆ ಸಿಟ್ಟು ಬಂದಿರೋ ಹಾಗಿದೆ" ಎಂದೆ. "ಇಷ್ಟೊತ್ತು ಬಂದಿರಲಿಲ್ಲ" ಎಂದು ಲೋಟ ಅಲ್ಲೇ ಬಿಟ್ಟು ಎದ್ದುಹೋದರು. ಮನಸ್ಸು ಬಿಚ್ಚಿಕೊಳ್ಳುವುದು ಹಾಗಿರಲಿ, ಬಾಯಿಯೂ ಮುಚ್ಚಿಕೊಂಡಿತು. ಅಣಕಿಸುತ್ತಿದ್ದೇನೆ ಎಂದುಕೊಂಡಿದ್ದಾರೆ.

ಕುಡಿದಿಲ್ಲ, ಅದು ನಿಜ. ಗೋದಾಮಿಗೆ ಹೋಗುತ್ತಾರೆ, ಬರುತ್ತಾರೆ. ಬಂದವರು ಕೂರುವುದಿಲ್ಲ. ಬಾಗಿಲಿನಿಂದ ಒಲೆಯವರೆಗೆ, ಒಲೆಯಿಂದ ಬಾಗಿಲವರೆಗೆ ನಡೆಯುತ್ತಾರೆ. ಗಡಿಯಾರ ಬಿಚ್ಚಿದರು, ಅದು ನೆಟ್ಟಗೇ ಇತ್ತು. ಫ್ಯಾನು ಬಿಚ್ಚಿದರು. ನನ್ನ ಹಳೆಯ ಹೊಲಿಗೆ ಯಂತ್ರ ಬಿಚ್ಚಿ ಎಣ್ಣೆ ಹಾಕಿ ಜೋಡಿಸಿ ಮತ್ತೆ ಬಿಚ್ಚಿದರು. ಮನೆ ತುಂಬ ಸ್ಕ್ರೂ. ಮಾತು ಮಾತ್ರ ಇಲ್ಲ. ಏನಾದರೂ ಹೇಳಿ ಎಂದರೆ ಏನು ಹೇಳಲಿ ಎನ್ನುತ್ತಾರೆ.

ನನಗೂ ಕೂತಲ್ಲಿ ಕೂರಲಾಗುವುದಿಲ್ಲ. ಅಂಗಡಿ ಮುಚ್ಚುವ ಹೊತ್ತಾದರೆ ಬೀಗ ಕೈಗೆತ್ತಿಕೊಂಡು ಮತ್ತೆ ಕೆಳಗಿಡುತ್ತೇನೆ. ಇಲ್ಲದ ಕೆಲಸ ಹುಡುಕಿಕೊಂಡು ಬಾಬಿನ್‌ಗೆ ದಾರ ಸುತ್ತುತ್ತ ಕೂತಿರುತ್ತೇನೆ. ನೆರೆಹೊರೆಯವರೆಲ್ಲ ನಿನ್ನ ಭಾಗ್ಯ ಎನ್ನುತ್ತಾರೆ. ಹೌದು ಎನ್ನುತ್ತೇನೆ.

ನಿಮ್ಮ ಮೇಷ್ಟ್ರು ಮನೆಯಲ್ಲಿ ಹೇಗಿದ್ದಾರೆ? ಅವರ ಹೆಂಡತಿ ಸಂಜೆ ಏನು ಮಾಡುತ್ತಾಳೆ? ಕೇಳಿ ಬರೆ.

ಅಕ್ಕ

*

ಜುಲೈ ೯

ಪ್ರೀತಿಯ ಅಕ್ಕ,

ನಿನ್ನ ಕಾಗದದಲ್ಲಿ ಒಂದು ಬಗೆಯ ದಣಿವು ಕೇಳಿಸಿತು. ಜವಾಬ್ದಾರಿ ಪೂರ್ತಿ ನಿನ್ನ ಮೇಲೆ ಬಿದ್ದಿದೆ ಎಂದು ನಿನಗೆ ಅನ್ನಿಸುತ್ತಿರಬಹುದು. ಆ ಭಾವನೆಯ ಬಗ್ಗೆ ಇನ್ನಷ್ಟು ಹೇಳಬಲ್ಲೆಯಾ? ಒಂದರಿಂದ ಹತ್ತರ ಅಳತೆಯಲ್ಲಿ ನಿನ್ನ ಆತಂಕ ಎಷ್ಟಿದೆ ಎಂದು ಗುರುತಿಸಲು ಪ್ರಯತ್ನಿಸು.

ಭಾವನ ಚಡಪಡಿಕೆ ಸಹಜ. ಕುಡಿಯುವ ಆಸೆ ಬಂದಾಗ ಅದು ಏರುತ್ತದೆ, ಒಂದು ಮಟ್ಟ ಮುಟ್ಟುತ್ತದೆ, ತಾನಾಗಿ ಇಳಿಯುತ್ತದೆ. ಆ ಹೊತ್ತನ್ನು ಕಳೆದುಬಿಟ್ಟರೆ ಆಯಿತು. ಅವರು ಗಡಿಯಾರ ಬಿಚ್ಚುವುದು ಅದಕ್ಕೇ. ಬಿಚ್ಚಲಿ. ಮನೆಯಲ್ಲಿ ಮಾತ್ರ ಒಂದು ಹನಿಯೂ ಇರಬಾರದು.

ಮೇಷ್ಟ್ರ ಬಗ್ಗೆ ವಿಶೇಷವೇನಿಲ್ಲ. ಇಲ್ಲಿ ಕೆಲಸ ಜಾಸ್ತಿ.

ತಮ್ಮ

*

ಜುಲೈ ೧೫

ಪಾಪು,

ನಾನು ನಿನ್ನ ರೋಗಿಯಲ್ಲ. ನಾನು ಅಕ್ಕ, ನಿನ್ನ ಮೂಗು ಒರೆಸಿದವಳು. ನನ್ನ ಕಾಗದವನ್ನು ನನಗೇ ತಿರುಗಿ ಓದಿ ಹೇಳಬೇಡ. ನಿನ್ನ ಕಾಗದ ಓದಿದ ಮೇಲೆ ತಣ್ಣಗಿನ ಚಹಾದ ಲೋಟ ಬಿಟ್ಟು ಇವರು ಯಾಕೆ ಎದ್ದುಹೋದರು ಎಂದು ಅರ್ಥವಾಯಿತು.

ಅಳತೆ ಬೇಕಾದರೆ ಅಂಗಡಿಗೆ ಬಾ, ಪಟ್ಟಿ ಹಿಡಿದು ತೆಗೆದುಕೊಡುತ್ತೇನೆ. ಕೇಳಿದ್ದಕ್ಕೆ ಉತ್ತರ ಹೇಳು. ಮೇಷ್ಟ್ರು ಏನಾದರು? ವಿಶೇಷವೇನಿಲ್ಲ ಎಂದು ನೀನು ಬರೆಯುವುದು ವಿಶೇಷವಿದ್ದಾಗ ಮಾತ್ರ.

ಅಕ್ಕ

*

ಜುಲೈ ೨೬

ಪಾಪು,

ನಿನ್ನಿಂದ ಉತ್ತರವಿಲ್ಲ. ಕಾಯುವಷ್ಟು ಸಮಾಧಾನ ನನಗಿಲ್ಲ. ಹೇಳಿಬಿಡುತ್ತೇನೆ.

ನನಗೆ ಈ ಮನುಷ್ಯ ಸೇರುತ್ತಿಲ್ಲ. ಒಳ್ಳೆಯವರು, ಹೇಳಿದ ಕೆಲಸ ಮಾಡುತ್ತಾರೆ, ತರಕಾರಿ ತರುತ್ತಾರೆ. ಎದುರು ಕೂತರೆ ಯಾರದೋ ಮನೆಗೆ ನೆಂಟರಾಗಿ ಹೋದ ಹಾಗಿರುತ್ತದೆ. ನನಗೆ ಬೇಕಾದದ್ದು ಆ ಎರಡು ಗ್ಲಾಸಿನ ಮನುಷ್ಯ. ಮೂರನೆಯ ಗ್ಲಾಸಿನವನನ್ನು ಅವನಿಗೋಸ್ಕರ ಇಷ್ಟು ವರ್ಷ ಸಹಿಸಿದೆ. ಅವನೇ ಇಲ್ಲದಿದ್ದರೆ ನಾನು ಈ ಮನೆಯಲ್ಲಿ ಯಾರ ಜೊತೆ ಇದ್ದೇನೆ? ನಮಗೆ ಮಕ್ಕಳಿಲ್ಲ. ನಗುವುದಕ್ಕೆ ಇದ್ದದ್ದು ಆ ಒಂದು ಹೊತ್ತು.

ಹೋದ ವಾರ ಅಂಗಡಿಯಿಂದ ಬರುತ್ತ ಒಂದು ಬಾಟಲಿ ತಂದೆ. ಇಡೀ ಬೀದಿ ನನ್ನನ್ನೇ ನೋಡಿದ ಹಾಗಾಯಿತು. ಬಟ್ಟೆ ತುಂಡುಗಳ ಗಂಟಿನ ಹಿಂದೆ, ಆ ಬೀರುವಿನಲ್ಲೇ ಇಟ್ಟಿದ್ದೇನೆ. ಇವರು ಗೋದಾಮಿನಿಂದ ಬರುವ ಮುಂಚೆ ತೆಗೆದು ಎರಡು ಗ್ಲಾಸಿನಷ್ಟು ಬಗ್ಗಿಸಿ ಮೇಜಿನ ಮೇಲಿಡುತ್ತೇನೆ. ಎರಡೇ, ಮೂರನೆಯದಕ್ಕೆ ಬಿಡುವುದಿಲ್ಲ, ನಾನೇ ನಿಂತು ನೋಡಿಕೊಳ್ಳುತ್ತೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಮೆಟ್ಟಿಲ ಮೇಲೆ ಇವರ ಹೆಜ್ಜೆ ಕೇಳಿದರೆ ಓಡಿ ಬಚ್ಚಲಿಗೆ ಸುರಿದು ಗ್ಲಾಸು ತೊಳೆದಿಡುತ್ತೇನೆ. ಮಾರನೆಯ ದಿನ ಮತ್ತೆ ಅದೇ ಆಟ. ನೀನು ಎರಡನೆಯ ಸಲದ ಬಗ್ಗೆ ಬರೆದದ್ದು ನನಗೆ ಬಾಯಿಪಾಠವಾಗಿದೆ. ಆದರೂ ಕೈ ಬಾಟಲಿಗೇ ಹೋಗುತ್ತದೆ. ಕುಡುಕರಿಗೆ ಹೀಗೇ ಆಗುತ್ತದೆ ಅಲ್ಲವೇ?

ಒಂದು ದಿನ ಹೆಜ್ಜೆ ನನಗೆ ಕೇಳಿಸದೇ ಹೋದರೆ ಏನಾಗುತ್ತದೆ ಎಂದು ನನಗೆ ಗೊತ್ತು. ನನ್ನನ್ನು ಬೈದು ಒಂದು ಕಾಗದ ಬರೆ. ನೀನು ಬೈದರೆ ಬಿಟ್ಟೇನು ಎನ್ನಿಸುತ್ತದೆ.

ಅಕ್ಕ

*

ಜುಲೈ ೨೭

ಪ್ರೀತಿಯ ಅಕ್ಕ,

ನೀನು ಹಿಡಿದದ್ದು ಸರಿ. ಇಷ್ಟು ದಿನ ಬರೆಯಲು ಮುಖವಿರಲಿಲ್ಲ. ಮೇಷ್ಟ್ರು ಮನೆಗೆ ಹೋಗಿ ಸ್ವಲ್ಪ ದಿನಕ್ಕೇ ಮತ್ತೆ ಬಂದರು. ನಡೆದುಕೊಂಡು ಹೋದವರನ್ನು ಎತ್ತಿಕೊಂಡು ಬಂದರು. ಕುಡಿಯಲು ಕೊಟ್ಟದ್ದು ಯಾರು ಗೊತ್ತೇ? ಅವರ ಹೆಂಡತಿ. ನನ್ನ ಕೈ ಹಿಡಿದು ಅತ್ತ ಅದೇ ಹೆಂಗಸು, ತಾನೇ ಹೋಗಿ ಕೊಂಡು ತಂದು ಬಗ್ಗಿಸಿ ಕೊಟ್ಟಿದ್ದಾಳೆ. ಇಷ್ಟು ದಿನ ಅವರನ್ನು ಚಮಚದಲ್ಲಿ ಉಣಿಸಿ ನಿಲ್ಲಿಸಿದ್ದು ನಾನು. ತಲೆ ಕೆಟ್ಟುಹೋಯಿತು. ವಾರ್ಡಿನ ಎಲ್ಲರ ಎದುರು, "ರೋಗಿ ಅವರಲ್ಲ ನೀವು. ಕೈಯಾರೆ ವಿಷ ಕೊಟ್ಟು ಈಗ ಅಳೋದಕ್ಕೆ ಬಂದ್ರಾ?" ಎಂದೆ.

ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡು ಹೊರಗೆ ಹೋದಳು. ಮಾರನೆಯ ದಿನ ಏನಾದರೂ ನನ್ನದೇ ಹೊಣೆ ಎಂದು ಬರೆದುಕೊಟ್ಟು ಮೇಷ್ಟ್ರನ್ನು ಕರೆದುಕೊಂಡು ಹೋದಳು. ಅರ್ಧ ಚಿಕಿತ್ಸೆಯೂ ಆಗಿರಲಿಲ್ಲ. ಬದುಕಿದ್ದಾರೋ ಇಲ್ಲವೋ ತಿಳಿಯದು. ನನ್ನನ್ನು ತರಬೇತಿಯಿಂದ ತೆಗೆದು ಮತ್ತೆ ಬಿಪಿ ನೋಡಲು, ಹಾಸಿಗೆ ಹಾಸಲು ಹಾಕಿದ್ದಾರೆ. ಅದಕ್ಕೆ ಬೇಸರವಿಲ್ಲ. ನಾನು ಹೇಳಿದ್ದು ಸುಳ್ಳಾ ಅಕ್ಕ? ಕಟ್ಟಿಕೊಂಡವಳು ಹಾಗೆ ಮಾಡಬಹುದೇ? ನಿನ್ನನ್ನು ನೋಡು, ಭಾವನನ್ನು ಕಿಟಕಿಯಿಂದ ಎಳೆದುಕೊಂಡು ಉಳಿಸಿದೆ. ಆಕೆಗೆ ನಿನ್ನ ಬಗ್ಗೆ ಹೇಳಬೇಕಿತ್ತು ಎನ್ನಿಸುತ್ತದೆ.

ತಮ್ಮ

*

ಜುಲೈ ೩೧

ಅಕ್ಕ,

ನಿನ್ನ ಇಪ್ಪತ್ತಾರನೆಯ ತಾರೀಖಿನ ಕಾಗದ ಈಗ ಬಂತು. ಮರುದಿನ ನಾನು ಬರೆದದ್ದು ಇಷ್ಟರಲ್ಲಿ ನಿನ್ನ ಕೈಸೇರಿರುತ್ತದೆ. ಅದನ್ನು ಬರೆಯುವಾಗ ನನಗೆ ಏನೂ ಗೊತ್ತಿರಲಿಲ್ಲ. ಓದಿರದಿದ್ದರೆ ಓದಬೇಡ, ಹರಿದುಹಾಕು. ಓದಿದ್ದರೆ ಏನು ಹೇಳಲಿ.

ಬೈ ಎಂದು ಕೇಳಿದ್ದೀಯ. ನನ್ನಿಂದಾಗುವುದಿಲ್ಲ. ಬೈದರೆ ಏನಾಗುತ್ತದೆ ಎಂದು ನೋಡಿದ್ದೇನೆ. ಬೇರೆ ಏನು ಹೇಳಬೇಕೋ ಅದೂ ತಿಳಿಯದು. ಕಲಿತದ್ದೆಲ್ಲ ರೋಗಿಗೆ ಹೇಳುವ ಮಾತು, ಅಕ್ಕನಿಗೆ ಹೇಳುವುದನ್ನು ಯಾರೂ ಕಲಿಸಲಿಲ್ಲ. ನಿನಗೆ ಸಂಜೆ ಹೊತ್ತು ಹೇಗೆ ಕಳೆಯುತ್ತದೆ ಎಂದು ನಾನು ಒಂದು ಸಲವೂ ಕೇಳಲಿಲ್ಲ, ಭಾವ ಕುಡಿದರೇ ಇಲ್ಲವೇ ಎಂದಷ್ಟೇ ಕೇಳಿದೆ. ನನಗೆ ಹೆದರಿಕೆಯಾಗುತ್ತಿದೆ. ಆ ಬಾಟಲಿ ಚೆಲ್ಲಿಬಿಡು. ಆಗದಿದ್ದರೆ ಎದುರು ಮನೆಯ ಡ್ರೈವರ್ ಕೈಗೆ ಕೊಡು. ಕೊಟ್ಟೆ ಎಂದು ಒಂದು ಸಾಲು ಬರೆ.

ಪಾಪು

*

ಆಗಸ್ಟ್ ೯

ಅಕ್ಕ,

ಬರೆ. ಬೈದಾದರೂ ಬರೆ. ಅಂಗಡಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಪಕ್ಕದ ಅಂಗಡಿಯವರನ್ನು ಕೇಳಿದರೆ, "ಅವರು ಬರ್ತಾರೆ, ಹೋಗ್ತಾರೆ, ಮಾತಾಡಲ್ಲ" ಎಂದರು. ಬರುತ್ತೀಯ ಎಂದರೆ ಭಾವ ಹುಷಾರಾಗಿದ್ದಾರೆ ಎಂದುಕೊಳ್ಳುತ್ತೇನೆ, ಮಾತಾಡುವುದಿಲ್ಲ ಎಂದರೆ ಇಲ್ಲ ಎಂದುಕೊಳ್ಳುತ್ತೇನೆ. ವಾರ್ಡಿನಲ್ಲಿ ಯಾರ ಹಾಸಿಗೆ ಹಾಸಿದರೂ ನಿಮ್ಮ ಮನೆಯೇ ಕಣ್ಣಿಗೆ ಬರುತ್ತದೆ. ರಜೆ ಕೇಳಿದ್ದೇನೆ.

ಪಾಪು

*

ಆಗಸ್ಟ್ ೧೬

ಪಾಪು,

ರಜೆ ಹಾಳುಮಾಡಿಕೊಳ್ಳಬೇಡ. ಎಲ್ಲರೂ ಬದುಕಿದ್ದೇವೆ. ಇಷ್ಟು ದಿನ ನಿನ್ನನ್ನು ಗೋಳು ಹೊಯ್ದುಕೊಂಡದ್ದಕ್ಕೆ ಬೇಸರವಿದೆ, ಆದರೆ ಕೈ ಬರಲಿಲ್ಲ.

ಮೇಷ್ಟ್ರ ಹೆಂಡತಿಯ ವಿಷಯ ಬರೆದ ನಿನ್ನ ಆ ಕಾಗದ ಬಂದಾಗ ಯಾರದೋ ಕೋಟಿಗೆ ತೋಳು ಜೋಡಿಸುತ್ತಿದ್ದೆ. ಓದಿ ಮುಗಿಸಿ ಎಡಗಡೆಯ ತೋಳನ್ನು ಬಲಗಡೆಗೆ ಹೊಲಿದೆ. ನೀನು ಬೈದದ್ದು ಇನ್ಯಾರನ್ನೋ, ತಾಗಿದ್ದು ನನಗೆ. ವಾರ್ಡಿನ ನಡುವೆ ನಿಂತು ನಾನೇ ಕೇಳಿಸಿಕೊಂಡ ಹಾಗಾಯಿತು. ಬೈಗುಳ ಬೇಕೆಂದು ಕೇಳಿದ್ದವಳು ನಾನೇ ತಾನೇ, ಕೇಳಿದ್ದು ನಿನ್ನನ್ನು ತಲುಪುವ ಮುಂಚೆಯೇ ಬೈಗುಳ ಬಂತು. ನೋಡು, ಬೈಸಿಕೊಂಡರೆ ಬಿಟ್ಟೇನು ಎಂದಿದ್ದೆನಲ್ಲ, ಬಿಡಲಿಲ್ಲ. ಅವತ್ತು ಸಂಜೆಯೂ ಬಗ್ಗಿಸಿದೆ, ಅವತ್ತೂ ಸುರಿದೆ. ಬಾಟಲಿ ಮುಗಿದಾಗ ಇನ್ನೊಂದು ತಂದೆ. ನಿನ್ನ ಉಳಿದ ಎರಡು ಕಾಗದಗಳನ್ನು ಹೆದರಿ ಒಡೆಯಲೇ ಇಲ್ಲ. ಒಡೆದದ್ದು ಮೊನ್ನೆ.

ಮೊನ್ನೆಗೆ ಬರುತ್ತೇನೆ. ಮನೆಗೆ ಹೋದರೆ ಇವರು ನನಗಿಂತ ಮುಂಚೆ ಬಂದಿದ್ದರು. ಬಾಟಲಿ ಮೇಜಿನ ಮೇಲಿತ್ತು. ತಳದಲ್ಲಿ ಒಂದಿಷ್ಟು ಉಳಿದಿತ್ತು. ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿದೆ. ಇವರ ಕ್ಷೌರವಾಗಿತ್ತು, ಅಂಗಿ ಮಡಿಕೆ ಕೆಟ್ಟಿರಲಿಲ್ಲ, ಕಣ್ಣು ಕೆಂಪಾಗಿದ್ದರೂ ಅದು ನಿದ್ದೆಗೆಟ್ಟ ಕೆಂಪು. ಕೂತ್ಕೋ ಎಂದರು. ಕೂತೆ.

"ಒಂದು ಮಾತು ಕೇಳ್ತೀನಿ, ಸಿಟ್ಟು ಮಾಡ್ಕೋಬೇಡ. ಯಾವಾಗಿಂದ ಕುಡೀತಿದ್ದೀಯ?"

ನನಗೆ ಮೊದಲು ಅರ್ಥವೇ ಆಗಲಿಲ್ಲ ಪಾಪು. ನಾನು ತಂದಿಟ್ಟ ಮಾರನೆಯ ದಿನವೇ ಇವರು ಬಾಟಲಿ ನೋಡಿದ್ದಾರೆ. ದಿನಾ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಿದೆ, ಸಂಜೆ ಗ್ಲಾಸು ತೊಳೆದಿರುತ್ತದೆ, ಬಚ್ಚಲಿನಲ್ಲಿ ವಾಸನೆ, ಹೆಂಡತಿ ಮುಖ ಕೊಟ್ಟು ಮಾತಾಡುವುದಿಲ್ಲ, ಲೋಟ ಹಿಡಿದರೆ ಕೈ ನಡುಗುತ್ತದೆ. ಇವಳು ಕುಡಿಯಲು ಕಲಿತಳು, ಕಲಿಸಿದ್ದು ನಾನೇ ಎಂದು ತೀರ್ಮಾನಿಸಿದ್ದಾರೆ. ನಾನು ಮಲಗಿದ ಮೇಲೆ ನನ್ನ ಬಾಯಿಯ ಹತ್ತಿರ ಮೂಗು ತಂದು ನೋಡುತ್ತಿದ್ದರಂತೆ. ವಾಸನೆ ಸಿಗದಿದ್ದರೆ ಏನೋ ಜಗಿದು ಮರೆಮಾಚುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರಂತೆ. ಆಸ್ಪತ್ರೆಗೆ ಹೋಗಿ ಅದೇ ನರ್ಸಮ್ಮನನ್ನು, ಹೆಂಗಸರಿಗೂ ಫಿಟ್ಸ್ ಬರುತ್ತದೆಯೇ ಎಂದು ಕೇಳಿಕೊಂಡು ಬಂದಿದ್ದಾರೆ. ನನಗೆ ನಗು ಬಂತು. ಜೋರಾಗಿ ನಕ್ಕೆ. ನಗುತ್ತ ನಗುತ್ತ ಅಳು ಬಂತು. ಇವರು ಅದನ್ನೂ ಕುಡಿದದ್ದರ ಲಕ್ಷಣ ಎಂದುಕೊಂಡು ನನ್ನ ಕೈ ಹಿಡಿದರು.

ಬಾಟಲಿ ಕಂಡಾಗ ನಿಮಗೆ ಆಸೆಯಾಗಲಿಲ್ಲವೇ ಎಂದು ಕೇಳಿದೆ. ದಿನಾ ಆಯಿತಂತೆ. ಬೀರುವಿನ ಮುಂದೆ ನಿಂತು ಬಾಯಿಯಲ್ಲಿ ನೀರು ಬಂದು ಮತ್ತೆ ಆ ಗಡಿಯಾರ ಬಿಚ್ಚಲು ಕೂರುತ್ತಿದ್ದರಂತೆ.

"ನಾನೂ ಕುಡಿದ್ರೆ ನಿನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋರು ಯಾರು?"

ಆಗ ಹೌದು ಎಂದುಬಿಡಬಹುದಿತ್ತು. ಹೌದು, ನಾನೇ ಕುಡಿಯುತ್ತಿದ್ದೆ, ಇನ್ನು ಬಿಡುತ್ತೇನೆ ಎಂದಿದ್ದರೆ ಇವರು ನನ್ನನ್ನು ಕ್ಷಮಿಸಿ ಹೊತ್ತು ತಿರುಗುತ್ತಿದ್ದರು. ನಾಲಗೆಯ ತುದಿಗೆ ಬಂದಿತ್ತು. ಅದು ಎಷ್ಟು ಸುಲಭವಿತ್ತು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಹೇಳಲಿಲ್ಲ. ನಿಮಗೇ ತಂದದ್ದು ಎಂದೆ. ನಿಮಗೆ ಕೊಡಬೇಕೆಂದು ದಿನಾ ಬಗ್ಗಿಸಿದೆ, ಕೊಡಲಾರದೆ ದಿನಾ ಸುರಿದೆ ಎಂದೆ. ಯಾಕೆ ಎಂದು ಕೇಳಿದರು. ನೀನು ಪೊಲೀಸರ ಪ್ರಶ್ನೆ ಎನ್ನುತ್ತೀಯಲ್ಲ, ನನಗೆ ಆ ಪ್ರಶ್ನೆ ಬೇಕಿತ್ತು ಕಣೋ. ಕುಡಿದರೆ ಮಾತಾಡುತ್ತೀರಿ ಎಂದು, ಎಂದೆ. ಆ ಕಥೆ ಹೇಳುವವನು ಇಲ್ಲದೆ ಈ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತಿದೆ ಎಂದೆ.

ಇವರು ಬಾಟಲಿಯ ಮುಚ್ಚಳ ಬಿಗಿ ಮಾಡಿದರು. ಸಿಟ್ಟು ಬರುತ್ತದೆ ಎಂದು ಕಾದೆ. ಬರಲಿಲ್ಲ. "ಅವನು ಚೆನ್ನಾಗಿ ಮಾತಾಡ್ತಿದ್ದ" ಎಂದರು. "ನನಗೆ ಅಷ್ಟು ಬರಲ್ಲ."

ಯಾರೋ ತೀರಿಕೊಂಡ ಗೆಳೆಯನ ವಿಷಯ ಹೇಳುವ ಹಾಗಿತ್ತು. ಅವನು ಹೋದದ್ದು ನನಗೊಬ್ಬಳಿಗೇ ನಷ್ಟ ಎಂದುಕೊಂಡಿದ್ದೆನಲ್ಲ ಪಾಪು. ಇವರಿಗೂ ಅವನು ಬೇಕಾಗಿದ್ದ, ನನಗಿಂತ ಹೆಚ್ಚಾಗಿಯೇ.

ಆಮೇಲೆ ಕೇಳಿದರು, "ನಾನು ಹೀಗೇ ಇದ್ರೆ ನೀನು ಇರ್ತೀಯಾ?"

ಗೊತ್ತಿಲ್ಲ ಎಂದೆ. ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. ಸರಿ ಎಂದರು. ಬಾಟಲಿ ನೀನೇ ಚೆಲ್ಲು, ವಾಸನೆ ನನ್ನಿಂದ ತಡೆಯಲಾಗದು ಎಂದು ಹೇಳಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತರು. ನಾನು ಚೆಲ್ಲಿ, ನೀರು ಹೊಯ್ದು, ಕಿಟಕಿ ತೆರೆದಿಟ್ಟು ಕರೆಯುವ ತನಕ ಒಳಗೆ ಬರಲಿಲ್ಲ. ಆ ರಾತ್ರಿ ಇವರು ಗೊರಕೆ ಹೊಡೆದರು. ನನಗೆ ನಿದ್ದೆ ಬರಲಿಲ್ಲ.

ಮೇಷ್ಟ್ರ ಹೆಂಡತಿಯ ಮನೆ ಹುಡುಕು. ಆಸ್ಪತ್ರೆಯಲ್ಲಿ ವಿಳಾಸ ಇರುತ್ತದೆ. ನಿನಗೆ ಒಳಗೆ ಬಾ ಎನ್ನದಿದ್ದರೆ ಬಾಗಿಲಲ್ಲೇ ನಿಂತು ಕ್ಷಮೆ ಕೇಳು. ಮೇಷ್ಟ್ರನ್ನು ಮತ್ತೆ ಸೇರಿಸಲು ಒಪ್ಪಿಸು. ಒಪ್ಪಲಿ ಬಿಡಲಿ, ಆಕೆಗೆ ಸಂಜೆ ಹೇಗೆ ಹೋಗುತ್ತದೆ ಎಂದು ಕೇಳು. ಉತ್ತರ ಬಂದರೆ ತಿರುಗಿ ಹೇಳಬೇಡ, ಸುಮ್ಮನೆ ಕೂತಿರು.

ಇವತ್ತು ತಪಾಸಣೆಯಿತ್ತು. ಇವರು ಬೆಳಿಗ್ಗೆ ಹೋಗುವಾಗ ಏನೂ ಕೇಳಲಿಲ್ಲ, ನಾನೂ ಏನೂ ಹೇಳಲಿಲ್ಲ. ಇಡೀ ದಿನ ಹೊಲಿಗೆ ತಪ್ಪುತ್ತಿದ್ದೇನೆ. ಕಾಜಾ ಹೊಲಿಯಬೇಕಾದಲ್ಲಿ ಗುಂಡಿ, ಗುಂಡಿಯ ಜಾಗದಲ್ಲಿ ಕಾಜಾ. ಮಧ್ಯಾಹ್ನ ಇವರು ಅಂಗಡಿಗೇ ಬಂದು ಗಿರಾಕಿಗಳ ನಡುವೆ ನಿಂತು, ಸೋಮವಾರದಿಂದ ಲಿಫ್ಟಿಗೆ ಹಾಕಿದ್ದಾರೆ ಎಂದರು. ಅಷ್ಟೇ ಹೇಳಿದರು. ಕುಡಿದ ಕಾಲದಲ್ಲಾಗಿದ್ದರೆ ಆ ಡಾಕ್ಟರರ ದನಿ, ಸೂಪರ್‌ವೈಸರ್ ದನಿ ಎಲ್ಲ ಬರುತ್ತಿತ್ತು. ಎರಡೂ ಕೈ ಮುಂದೆ ಚಾಚಿ ತೋರಿಸಿದರು. ನೆಟ್ಟಗಿದ್ದವು. ನನ್ನವೇ ನಡುಗುತ್ತಿದ್ದವು. ಆಮೇಲೆ ಸಂಜೆ ಬರುತ್ತೇನೆ ಎಂದು ಹೇಳಿ ಹೋದರು.

ಈಗ ಬಂದು ಹೊರಗೆ ನಿಂತಿದ್ದಾರೆ. ಬಾಗಿಲು ಅರ್ಧ ಎಳೆದಿದ್ದೇನೆ, ಇವರ ಕಾಲು ಕಾಣುತ್ತಿದೆ. ಒಳಗೆ ಬನ್ನಿ ಎಂದೆ, ನೀನು ಮುಗಿಸು ಎಂದರು. ಅತ್ತ ಇತ್ತ ನಡೆಯುತ್ತಿಲ್ಲ, ನಿಂತಿದ್ದಾರೆ. ಈ ಮನುಷ್ಯನ ಜೊತೆ ಸಂಜೆಗಳು ಉದ್ದವಾಗಿರುತ್ತವೆ, ನನಗೆ ಗೊತ್ತು. ನಗು ಕಡಿಮೆ. ಕೆಲವು ದಿನ ನನಗೆ ತಡೆಯಲಾಗದು, ಆಗ ನಿನಗೇ ಬರೆಯುತ್ತೇನೆ, ನೀನು ಅಳತೆ ಕೇಳಬಾರದು. ಇನ್ನು ನಿಲ್ಲಿಸುತ್ತೇನೆ. ಮೊನ್ನೆ ಕೇಳಿದ್ದಕ್ಕೆ ಉತ್ತರ ಬಾಕಿಯಿದೆ. ಇರ್ತೀನಿ ಎಂದು ಹೇಳಿಬಿಡುತ್ತೇನೆ, ಧೈರ್ಯ ಹೋಗುವ ಮುಂಚೆ.

ಅಕ್ಕ